ನೆಗಡಿಯೇ ಆಗದ ಚಿಗವ್ವ

ನಮ್ಮ ಚಿಗವ್ವನಿಗೆ ನೆಗಡಿ ಆಗುವುದಿಲ್ಲ. ಹುಟ್ಟಿದಾಗಿನಿಂದ ಆಗಿಲ್ಲ, ಇನ್ನು ಮುಂದೆಯೂ ಆಗುವುದಿಲ್ಲ! ಹೀಗಂತ ನಾನು ಹೇಳುತ್ತಿಲ್ಲ, ಅವಳೇ ಹೇಳುತ್ತಾಳೆ, ಅದೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. ಮೂಗು ಸೋರಿದರೆ ಅದು ವಿಶಾಖಪಟ್ಟಣದ ಸಮುದ್ರದ ಗಾಳಿ. ಗಂಟಲು ಕಟ್ಟಿದರೆ ಅದು ವಾರ್ಡಿನ ಎಸಿ. ಸೀನಿದರೆ ಪಕ್ಕದ ಮನೆಯವರು ಉಪ್ಪಿನಕಾಯಿಗೆ ಖಾರ ಕಲಸುತ್ತಿದ್ದಾರೆ ಅಂತ ಅರ್ಥ. ಮೈ ಸುಟ್ಟರೆ ವಿಜಯವಾಡದ ಬಿಸಿಲು ತಾಗಿದ್ದು, ಅವಳು ವಿಜಯವಾಡಕ್ಕೆ ಕಾಲಿಟ್ಟು ವರ್ಷವಾಗಿದ್ದರೂ ಸರಿಯೇ! "ಜ್ವರಾ ಬರ್ಲಿಕ್ಕೆ ನನಗೆಲ್ಲಿ ಪುರುಸೊತ್ತದವಾ?" ಎಂದು ನನ್ನನ್ನೇ ಕೇಳುತ್ತಾಳೆ. ಇದಕ್ಕೆ ಏನಂತ ಉತ್ತರ ಕೊಡಬೇಕು, ನೀವೇ ಹೇಳಿ.

ಚಿಗವ್ವ ಅಂದರೆ ನಮ್ಮ ಧಾರವಾಡದ ಕಡೆ ಅವ್ವನ ತಂಗಿ. ಸಣ್ಣವಳಿದ್ದಾಗ ನನ್ನನ್ನು ಸಾಕಿದವಳೂ ಅವಳೇ. ಬ್ಯಾಂಕಿನವರು ಅವಳ ಗಂಡನನ್ನು, ಅಂದರೆ ನಮ್ಮ ಕಾಕಾನನ್ನು, ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ಅವರ ಜೊತೆ ಬಂದವಳು. ಕಾಕಾ ತೀರಿಕೊಂಡ ಮೇಲೆ ಊರಿಗೆ ಬಾ ಎಂದು ನಾವೆಲ್ಲ ಗೋಗರೆದರೂ, "ನನ್ನ ಕೂಸುಗಳನ್ನ ಯಾರು ನೋಡ್ತಾರ?" ಎಂದು ದ್ವಾರಕಾ ನಗರದ ಮನೆಯಲ್ಲೇ ಒಬ್ಬಳೇ ಉಳಿದಳು. ಕೂಸುಗಳು ಅವಳವಲ್ಲ, ಆಸ್ಪತ್ರೆಯವು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ವಾರ್ಡು ಇರುತ್ತದಲ್ಲ, ಅದರ ಹಿರಿಯ ನರ್ಸು ಅವಳು. ಬೆರಳು ಗಾತ್ರದ ಕೈಯಲ್ಲಿ ದಾರದಂಥ ನರ ಹುಡುಕಿ ಸೂಜಿ ಏರಿಸುವುದರಲ್ಲಿ ಅವಳನ್ನು ಮೀರಿಸುವವರು ಇಲ್ಲ. ದೊಡ್ಡ ಡಾಕ್ಟರೇ ನರ ಸಿಗದಿದ್ದರೆ "ಅಮ್ಮಗಾರನ್ನ ಕರೀರಿ" ಎನ್ನುತ್ತಾರೆ. ಆಸ್ಪತ್ರೆಯವರೆಲ್ಲ ಅವಳನ್ನು ಕರೆಯುವುದು ಅಮ್ಮಗಾರು ಎಂದೇ. ಈ ನರ ಹುಡುಕುವ ಕೆಲಸವನ್ನೆಲ್ಲ ಅವಳು ಮಾಡುವುದು ಎಡಗೈಯಲ್ಲಿ. ಚಿಗವ್ವ ಎಡಚಿ ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನಾನು. ನಾನೂ ನರ್ಸೇ, ಅದೇ ಆಸ್ಪತ್ರೆಯ ವಿಜಯವಾಡ ಶಾಖೆಯಲ್ಲಿ. ನನ್ನ ಗಂಡನೂ ಬ್ಯಾಂಕಿನವರೇ, ಅವರ ವರ್ಗಾವಣೆಯ ಪುಣ್ಯದಿಂದ ಭವಾನಿಪುರಂನಲ್ಲಿ ಮನೆ. ಆಸ್ಪತ್ರೆಯಲ್ಲಿ ಒಬ್ಬರ ರೋಗ ಇನ್ನೊಬ್ಬರಿಗೆ ಹತ್ತದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹೀಗಾಗಿ ಪ್ರತಿ ವರ್ಷ ಮಳೆಗಾಲದ ಮುಂಚೆ ಎರಡೂ ಶಾಖೆಗಳ ಸಿಬ್ಬಂದಿಗೆ ಫ್ಲೂ ಲಸಿಕೆ ಹಾಕಿಸುವ ಹೊಣೆ ನನ್ನ ತಲೆಗೆ ಬಂದು ಬಿದ್ದಿದೆ. ಸುಲಭದ ಕೆಲಸ ಅಂದುಕೊಂಡಿರಾ? ರೋಗಿಗಳಿಗೆ ಲಸಿಕೆ ಹಾಕುವುದು ಸುಲಭ. ರೋಗಿಗಳಿಗೆ ಬುದ್ಧಿ ಹೇಳುವವರಿಗೆ ಹಾಕುವುದಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ! ಬೆಳಗಿನಿಂದ ಸಂಜೆಯವರೆಗೆ "ಲಸಿಕೆ ತಪ್ಪಿಸಬೇಡಿ" ಎಂದು ಬೋಧನೆ ಮಾಡುವ ಡಾಕ್ಟರು ನನ್ನ ಐಸ್ ಪೆಟ್ಟಿಗೆ ಕಂಡ ಕೂಡಲೇ ಕಿವಿಗೆ ಫೋನಿಟ್ಟುಕೊಂಡು ಮೆಟ್ಟಿಲು ಇಳಿಯುತ್ತಾರೆ. ಫೋನು ರಿಂಗೇ ಆಗಿರುವುದಿಲ್ಲ.

ಹಾಗಂತ ಬಿಡುವಂತಿಲ್ಲ. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಹಾಕಲು ಬರುವುದಿಲ್ಲ. ಅದರ ಸುತ್ತ ಓಡಾಡುವವರು, ಅದನ್ನು ಎತ್ತುವವರು ಹಾಕಿಸಿಕೊಂಡರಷ್ಟೇ ಅದಕ್ಕೆ ರಕ್ಷೆ. ನಮಗೆ ನಾಲ್ಕು ದಿನದ ಜ್ವರ, ಕಷಾಯ ಕುಡಿದು ಏಳುತ್ತೇವೆ. ಗಾಜಿನ ಪೆಟ್ಟಿಗೆಯ ಕೂಸಿಗೆ ಅದೇ ಜ್ವರ ಬಂದರೆ ಏಳುವುದು ಖಾತ್ರಿಯಿಲ್ಲ. ವಿಜಯವಾಡದಲ್ಲಿ ಇಷ್ಟು ಹೇಳಿದ್ದೇ ತಡ, "ಅಲಾಗೇ ಮೇಡಂ", ಹಾಗೇ ಆಗಲಿ ಎಂದು ಎಲ್ಲರೂ ತೋಳು ಕೊಟ್ಟರು. ಒಂದೇ ದಿನದಲ್ಲಿ ಮುಗಿಯಿತು. ವಿಶಾಖಪಟ್ಟಣದ ವಿಷಯ ಬೇರೆ. ಅಲ್ಲಿ ನಮ್ಮ ಚಿಗವ್ವ ಇದ್ದಾಳೆ.

ಅನ್ಯಾಯ ಹೇಳಬಾರದು, ಬೇರೆಯವರಿಗೆ ಹಾಕಿಸುವುದರಲ್ಲಿ ಅವಳಷ್ಟು ಉಪಕಾರಿ ಇನ್ನೊಬ್ಬರಿಲ್ಲ. ಅವಳದೊಂದು ಉಪಾಯವಿದೆ. ಕುರ್ಚಿಯಲ್ಲಿ ಕೂತವರ ಇನ್ನೊಂದು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಇವಾಳ ಏಂ ಕೂರ?" ಎಂದು ಕೇಳುತ್ತಾಳೆ. ಇವತ್ತು ಮನೆಯಲ್ಲಿ ಏನು ಪಲ್ಯ ಅಂತ. ಆಂಧ್ರದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದ ಮನುಷ್ಯ ಹುಟ್ಟಿಲ್ಲ! ಅಲ್ಲಿಯ ಗೇಟಿನ ಸೆಕ್ಯುರಿಟಿಯವನು ಹುರಿಮೀಸೆಯ ಆಳು, ಸೂಜಿ ಕಂಡರೆ ಮಾತ್ರ ಕಣ್ಣುಗುಡ್ಡೆಗಳು ಮೇಲೆ ಹೋಗುತ್ತವೆ. ಅವನ ಕೈ ಹಿಡಿದು ಚಿಗವ್ವ ಕೇಳಿದಳು. ಅವನು ನಡುಗುತ್ತಲೇ "ಚೇಪಲ ಪುಲುಸು ಅಮ್ಮಗಾರು" ಎಂದು ಮೀನಿನ ಸಾರು ಶುರು ಮಾಡಿದ. ಹುಣಸೆಹಣ್ಣು ನೆನೆಸುವ ಹೊತ್ತಿಗೆ ಸೂಜಿ ಒಳಗೆ, ಈರುಳ್ಳಿ ಬಾಡಿಸುವ ಹೊತ್ತಿಗೆ ಹೊರಗೆ. ಅವನಿಗೆ ಗೊತ್ತೇ ಆಗಲಿಲ್ಲ. ಆದರೆ ಚಿಗವ್ವ ಬಿಡಬೇಕಲ್ಲ! "ಮೆಂತ್ಯೆ ಯಾವಾಗ ಹಾಕಿದಿ? ಮೊದಲೇ ಹಾಕಿದ್ರ ಕಹಿ ಆಗ್ತದ" ಎಂದು ತೆಲುಗಿನಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಜನ್ಮದಲ್ಲಿ ಮೀನು ಮುಟ್ಟದ ಹೆಂಗಸು! ಹಿಂದೆ ಸಾಲು ಬೆಳೆಯುತ್ತಿತ್ತು, ಇವರಿಬ್ಬರದು ಮೀನಿನ ಸಾರು ಕುದಿಯುತ್ತಿತ್ತು.

ಇಷ್ಟೆಲ್ಲ ಮಾಡುವವಳು ತನ್ನ ತೋಳಿನ ಮಾತು ಬಂದರೆ ಮಾಯ. ಒಂದು ವರ್ಷ, "ಇವತ್ತ ಶ್ರಾವಣ ಸೋಮವಾರ, ಒಪ್ಪತ್ತು ಅದೀನಿ, ಬ್ಯಾಡ" ಎಂದಳು. ಅದು ಜ್ಯೇಷ್ಠ ಮಾಸ, ಅಂದು ಗುರುವಾರ! ಮರುವರ್ಷ ನಾನು ಪಂಚಾಂಗ ನೋಡಿಕೊಂಡೇ ಹೋದೆ. ಅವಳು ಹೊಸ ತಕರಾರು ಹುಡುಕಿಟ್ಟುಕೊಂಡಿದ್ದಳು, ಈ ಸಲ ಮೊಟ್ಟೆಯದು.

"ಆ ಔಷಧಾ ತತ್ತಿಯೊಳಗ ಬೆಳಸ್ತಾರಂತ, ಖರೇ ಏನು?"

"ಖರೇ. ಆದ್ರ ಏನೀಗ?"

"ಏನೀಗ ಅಂದ್ರ? ನಾವು ಲಿಂಗಾ ಕಟಗೊಂಡ ಮಂದಿ, ತತ್ತಿ ಮುಟ್ಟೂದಿಲ್ಲ."

"ಚಿಗವ್ವಾ, ನೀ ಅದನ್ನ ತಿನ್ನಾಕ ಹತ್ತಿಲ್ಲ! ತೋಳಿಗೆ ಚುಚ್ಚಿಸ್ಕೊಳ್ಳಾಕ ಹತ್ತೀದಿ!"

"ಒಳಗ ಹೋಗೂದು ಒಂದs ಹೊಟ್ಟಿಗೆ ಅಲ್ಲೇನು?"

"ಹೋದ ಕ್ರಿಸ್‌ಮಸ್ಸಿಗೆ ಆಸ್ಪತ್ರಿಯೊಳಗ ಕೇಕ್ ತಿಂದಿ, ಎರಡು ತುಂಡು! ಅದರಾಗ ತತ್ತಿ ಇರಲಿಲ್ಲೇನು?"

"ಅದು ಬೆಂದಿತ್ತವಾ" ಎಂದಳು, ಮುಖದ ಒಂದು ಗೆರೆಯೂ ಅಲುಗಲಿಲ್ಲ. ನಾನು ಹಣೆ ಹಣೆ ಚಚ್ಚಿಕೊಂಡೆ. ಕಲಿತವಳು, ಶರೀರಶಾಸ್ತ್ರದಲ್ಲಿ ಬಂಗಾರದ ಪದಕ ತೆಗೆದುಕೊಂಡವಳು, ತೋಳಿನ ಸ್ನಾಯುವಿನಿಂದ ಹೊಟ್ಟೆಗೆ ದಾರಿ ಇಲ್ಲ ಅನ್ನುವುದನ್ನು ಇವಳಿಗೆ ನಾನು ಕಲಿಸಬೇಕೇ? ಆ ವರ್ಷವೂ ತಪ್ಪಿಸಿಕೊಂಡಳು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಮ್ಮಗಾರು ಹಾಕಿಸಿಕೊಳ್ಳದೆ ಇರುತ್ತಾರೆಯೇ ಎಂದು ಎಲ್ಲರೂ ಅಂದುಕೊಂಡುಬಿಟ್ಟಿದ್ದರು.

ಈ ವರ್ಷ ಮಾತ್ರ ನಾನು ಸೊಂಟ ಕಟ್ಟಿ ಹೊರಟೆ. ಕಾರಣವಿತ್ತು. ಕೂಸಿನ ವಾರ್ಡಿನಲ್ಲಿ ಒಂದು ಹೆಣ್ಣುಕೂಸು ಇತ್ತು. ಅದರ ಅಪ್ಪ ಬಾಗಲಕೋಟೆ ಕಡೆಯ ಹುಡುಗ, ಪರವಾಡದ ಔಷಧದ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಗಿ, ಅವಳು ಕೆಳಗಿನ ವಾರ್ಡಿನಲ್ಲಿ, ಕೂಸು ಮೇಲೆ ಗಾಜಿನ ಪೆಟ್ಟಿಗೆಯಲ್ಲಿ. ಹೆಸರಿನ್ನೂ ಇಟ್ಟಿರಲಿಲ್ಲ, ಚಿಗವ್ವ ಗುಬ್ಬಿ ಎಂದು ಕರೆಯುತ್ತಿದ್ದಳು. ಇಡೀ ಆಸ್ಪತ್ರೆಯಲ್ಲಿ ಕನ್ನಡ ಆಡುವ ಕೂಸು ಇದೊಂದೇ ಎಂದು ಅವಳಿಗೆ ಅದರ ಮೇಲೆ ಜೀವ. ಆಡುವುದಿರಲಿ, ಅದಕ್ಕೆ ಸರಿಯಾಗಿ ಅಳಲೂ ಶಕ್ತಿಯಿರಲಿಲ್ಲ! ಊರ ತುಂಬ ಆಗಲೇ ಫ್ಲೂ ಹಬ್ಬಿತ್ತು. ದೊಡ್ಡ ಡಾಕ್ಟರು ನನ್ನನ್ನು ಕರೆದು, "ಲಸಿಕೆ ಹಾಕಿಸಿಕೊಳ್ಳದವರು, ನೆಗಡಿ ಇದ್ದವರು ಒಬ್ಬರೂ ಆ ಬಾಗಿಲು ದಾಟಬಾರದು. ಆ ಕೂಸಿಗೆ ಈಗ ಜ್ವರ ಬಂದರೆ ನಾನು ಏನೂ ಮಾಡಲಾರೆ" ಎಂದರು.

ಹಾಕಿಸಿಕೊಂಡವರನ್ನು ಗುರುತಿಸುವುದು ಹೇಗೆ? ನನಗೊಂದು ಅಮೋಘ ಉಪಾಯ ಹೊಳೆಯಿತು. ಪೋಲಿಯೊ ಹನಿ ಹಾಕಿದ ಮಕ್ಕಳ ಎಡಗೈ ಕಿರುಬೆರಳಿನ ಉಗುರಿಗೆ ಮಾರ್ಕರಿನಿಂದ ಕಪ್ಪು ಹಚ್ಚುತ್ತಾರಲ್ಲ, ಹಾಗೆಯೇ ಇವರಿಗೂ ಹಚ್ಚಿದರಾಯಿತು! ಶನಿವಾರ ಲಸಿಕೆ ಇಟ್ಟೆ. ಒಬ್ಬಳು ಎಳೆ ನರ್ಸು ಚುಚ್ಚುವುದು, ಚಿಗವ್ವ ಕೈ ಹಿಡಿದು ಪಲ್ಯ ವಿಚಾರಿಸುವುದು, ನಾನು ಉಗುರಿಗೆ ಗುರುತು ಹಾಕುವುದು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಪೋಲಿಯೊ ಮಕ್ಕಳಂತೆ ಬೆರಳು ಮುಂದೆ ಮಾಡಿದರು. ಸಂಜೆ ಚಹಾ ಕುಡಿದು ಬಂದು ನೋಡಿದರೆ, ಚಿಗವ್ವನ ಕಿರುಬೆರಳಿನ ಉಗುರೂ ಕಪ್ಪಾಗಿದೆ!

"ಹಾಕಿಸ್ಕೊಂಡ್ಯಾ?" ಎಂದು ಬಾಯಿ ತೆರೆದು ನಿಂತೆ.

"ನೀ ಚಾ ಕುಡೀಲಿಕ್ಕೆ ಹೋದಾಗ. ಏನ್ ಮಾಡೂದು, ನೀ ಬಿಡೂಹಂಗ ಇಲ್ಲ" ಎಂದಳು, ಬಹಳ ತ್ಯಾಗ ಮಾಡಿದವಳ ಹಾಗೆ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆ ರಾತ್ರಿ ಗಂಡನಿಗೆ ಫೋನು ಮಾಡಿ, ಚಿಗವ್ವನನ್ನು ಗೆದ್ದೆ ಎಂದು ಕೊಚ್ಚಿಕೊಂಡೆ.

ಮರುದಿನ ರವಿವಾರ. ಮಧ್ಯಾಹ್ನ ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಚಿಗವ್ವ ಅನ್ನಕ್ಕೆ ಸಾರು ಕಲಸುತ್ತಿದ್ದಳು. ಎಡಚಿಯಾದರೂ ಊಟ ಬಲಗೈಯಲ್ಲೇ, ಅದರಲ್ಲಿ ಅವಳು ಸಂಪ್ರದಾಯಸ್ಥೆ. ಅನ್ನದ ನಡುವೆ ಓಡಾಡುತ್ತಿದ್ದ ಕಪ್ಪು ಉಗುರು ನನ್ನ ಕಣ್ಣಿಗೆ ಬಿತ್ತು. ಒಂದು ತುತ್ತು ನುಂಗಿದೆ. ಮತ್ತೆ ನೋಡಿದೆ. ಬಲಗೈ! ಆಸ್ಪತ್ರೆಯಲ್ಲಿ ಎಲ್ಲರಿಗೂ ಎಡಗೈ ಕಿರುಬೆರಳಿಗೆ ಹಚ್ಚಿದ್ದರೆ ಇವಳಿಗೆ ಮಾತ್ರ ಬಲಗೈಗೆ ಹೇಗೆ ಬಂತು? ಹೇಗೆ ಬರುತ್ತದೆ! ಎಡಚಿ ತನಗೆ ತಾನೇ ಮಾರ್ಕರು ಹಿಡಿದು ಹಚ್ಚಿಕೊಂಡರೆ ಗುರುತು ಬಲಗೈಗಲ್ಲದೆ ಇನ್ನೆಲ್ಲಿಗೆ ಬೀಳುತ್ತದೆ?

ತಟ್ಟೆಯ ಮುಂದಿನಿಂದ ಎದ್ದು ಆ ಎಳೆ ನರ್ಸಿಗೆ ಫೋನು ಮಾಡಿದೆ. ನಿನ್ನೆ ಅಮ್ಮಗಾರಿಗೆ ನೀನು ಚುಚ್ಚಿದೆಯಾ ಎಂದು ಕೇಳಿದೆ. ಆ ಕಡೆಯಿಂದ ಸಣ್ಣ ದನಿಯಲ್ಲಿ, "ಅಮ್ಮಗಾರು ಚೆಪ್ಪೊದ್ದನ್ನಾರು" ಎಂದಿತು ಹುಡುಗಿ. ಹೇಳಬೇಡ ಅಂದಿದ್ದಾರಂತೆ! ನನ್ನ ಪಿತ್ತ ನೆತ್ತಿಗೇರಿತು.

"ಚಿಗವ್ವಾ! ನಾಚಿಕಿ ಆಗೂದಿಲ್ಲೇನು ನಿನಗ? ಕಳ್ಳ ಓಟಿನ ಮಂದಿ ಶಾಯಿ ಅಳಸ್ತಾರ, ನೀ ಶಾಯಿ ಹಚಗೊಂಡು ಕೂತೀದಿ!"

ಅವಳು ಊಟ ನಿಲ್ಲಿಸಲಿಲ್ಲ. "ತೋಳು ನೋಯ್ತದಂತ ಎರಡು ದಿನ. ಎಡತೋಳು ನೊಂದ್ರ ಗುಬ್ಬಿಗೆ ನರಾ ಹುಡುಕೋರು ಯಾರು?"

"ಬಲತೋಳಿಗೆ ಹಾಕಿಸ್ಕೋ!"

"ಬಲಗೈಲೆ ಊಟಾ ಮಾಡ್ತೀನಿ."

"ನಾ ತಿನಸ್ತೀನಿ! ತುತ್ತು ಮಾಡಿ ಬಾಯಿಗೆ ಇಡ್ತೀನಿ! ಆತಿಲ್ಲೋ?"

"ನೀ ಬುಧವಾರ ವಿಜಯವಾಡಾಕ್ಕ ಹೋಗ್ತಿ. ಆಮ್ಯಾಲೆ?" ಎಂದು ಮಜ್ಜಿಗೆ ಬಡಿಸಿಕೊಂಡಳು. ಇಂಥವಳ ಜೊತೆ ಯಾರು ವಾದ ಮಾಡಬೇಕು? ನಾನು ಸಿಟ್ಟಿನಲ್ಲಿ ಊಟ ಅರ್ಧಕ್ಕೇ ಬಿಟ್ಟೆ. ಅವಳು ನನ್ನ ತಟ್ಟೆಯಲ್ಲಿ ಉಳಿದದ್ದನ್ನು ನೋಡಿ, ಅನ್ನ ಚೆಲ್ಲಬಾರದು ಎಂದು ನನಗೇ ಬುದ್ಧಿ ಹೇಳಿದಳು.

ಸೋಮವಾರ ಬೆಳಿಗ್ಗೆ ನಾನು ಅವಳಿಗಿಂತ ಮೊದಲೇ ಹೋಗಿ ಕೂಸಿನ ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ. ಚಿಗವ್ವ ಬಂದಳು. ನನ್ನನ್ನು ನೋಡಿ ಪಕ್ಕಕ್ಕೆ ಸರಿ ಎಂಬಂತೆ ಕೈಮಾಡಿದಳು. ನಾನು ಅಲುಗಲಿಲ್ಲ. ಒಳಗಿನ ನರ್ಸುಗಳು ಗಾಜಿಗೆ ಮೂಗು ಹಚ್ಚಿ ನಿಂತರು. ಕಾರ್ಖಾನೆಯ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ನೇರ ಬಂದಿದ್ದ ಗುಬ್ಬಿಯ ಅಪ್ಪನೂ ಅಲ್ಲೇ ಇದ್ದ. ದಿನಾ ಬಂದು ಗಾಜಿನ ಹೊರಗಿನಿಂದ ಮಗಳನ್ನು ನೋಡುತ್ತ ನಿಲ್ಲುವುದು ಅವನ ರೂಢಿ.

"ನಾ ಸಾಕಿದ ಹುಡುಗಿ ನನಗs ಬಾಗಲಾ ಹಾಕ್ತೀ ಏನು?" ಎಂದಳು ಚಿಗವ್ವ.

"ಹೌದು, ಹಾಕ್ತೀನಿ. ಎಡಗೈ ತೋರಸು."

ಅವಳು ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಮಾತಲ್ಲ, ಸೀನು! ಒಂದಲ್ಲ, ಮೇಲಿಂದ ಮೇಲೆ ಬಂತು. ಸೆರಗು ಮೂಗಿಗೆ ಹಿಡಿದುಕೊಂಡಳು. ಕಣ್ಣು ಕೆಂಪಾಗಿದ್ದವು. ನಾನು ಕಾದು ನಿಂತೆ, ಈಗ ಸಮುದ್ರದ ಗಾಳಿ ಬರುತ್ತದೆ, ಇಲ್ಲವೆ ಎಸಿ ಬರುತ್ತದೆ, ಇಲ್ಲವೆ ಪಕ್ಕದ ಮನೆಯ ಖಾರ ಬರುತ್ತದೆ. ನನ್ನ ಬಳಿ ಎಲ್ಲಕ್ಕೂ ಉತ್ತರ ತಯಾರಿತ್ತು.

ಅಷ್ಟರಲ್ಲಿ ಆ ಹುಡುಗ ಹತ್ತಿರ ಬಂದ. ನಮ್ಮ ಜಗಳ ಅವನಿಗೆ ಅರ್ಥವಾಗಿರಲಿಲ್ಲ. "ಅಮ್ಮಾರ, ಯಾಕ್ರಿ ಹೊರಗ ನಿಂತೀರಿ? ಕೂಸು ಆರಾಮ ಅದ ಇಲ್ರೀ?" ಎಂದ. ಹೆದರಿದ್ದ ಪಾಪ.

ಚಿಗವ್ವ ಅವನ ಮುಖ ನೋಡಿದಳು. ಗಾಜಿನಾಚೆಯ ಪೆಟ್ಟಿಗೆ ನೋಡಿದಳು. ಆಮೇಲೆ ಅವನಿಂದ ಹಿಂದಕ್ಕೆ ಸರಿದು, ಸೆರಗು ಮೂಗಿನಿಂದ ತೆಗೆಯದೆ ಹೇಳಿದಳು, "ಕೂಸು ಆರಾಮ ಅದನಪ್ಪಾ. ನನಗ ನೆಗಡಿ ಆಗೇದ. ಅದಕ್ಕ ನಾ ಒಳಗ ಹೋಗಬಾರದು."

ನಾನು ಕೇಳಿದ್ದು ನಿಜವೇ? ಒಳಗಿನ ನರ್ಸುಗಳು ಕೇಳಿಸಿಕೊಂಡರೇ? ಚಿಗವ್ವನ ಬಾಯಲ್ಲಿ ನೆಗಡಿ ಎಂಬ ಮಾತನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು! ಗೆದ್ದೆ ಎಂದು ಕುಣಿಯಬೇಕಿತ್ತು. ಅವಳು ಬೆನ್ನು ತಿರುಗಿಸಿ, ಚೀಲ ಹೆಗಲಿಗೇರಿಸಿ, ಒಬ್ಬಳೇ ಮೆಟ್ಟಿಲು ಇಳಿದು ಹೋದಳು. ನನಗೆ ಯಾಕೋ ಕುಣಿಯಲು ಬರಲಿಲ್ಲ.

ನೆಗಡಿ ಇಳಿಯುವ ತನಕ ಅವಳು ಮನೆಯಲ್ಲಿದ್ದಳು. ನಾನೂ ಗಂಡನಿಗೆ ಹೇಳಿ ಉಳಿದುಕೊಂಡೆ. ಆ ದಿನಗಳ ಕಾಟ ಬೇಡ! ಗಂಟೆಗೊಮ್ಮೆ ವಾರ್ಡಿಗೆ ಫೋನು. "ಗುಬ್ಬಿ ಹಾಲು ಕುಡೀತಾ? ಅಂಗಾಲು ಬೆಚ್ಚಗದಾವಾ?" ನಾನು ಕಷಾಯ ಮಾಡಿಕೊಟ್ಟರೆ ಮೆಣಸು ಕಡಿಮೆ, ಗಂಜಿ ಮಾಡಿಕೊಟ್ಟರೆ ಉಪ್ಪು ಜಾಸ್ತಿ. ಮೈ ಸಂಪೂರ್ಣ ನೆಟ್ಟಗಾದ ಮೇಲೆ ಒಂದು ಬೆಳಿಗ್ಗೆ, ನಾನು ಕೇಳದೆಯೇ, "ನಡೀ, ಅದೇನು ಚುಚ್ಚತೀಯೋ ಚುಚ್ಚು. ಸಂಜೀಕ ನೀ ಗಾಡಿ ಹತ್ತಬೇಕಲ್ಲ" ಎಂದಳು. ಔಷಧ ಮೈಗೆ ಹತ್ತಲು ಎರಡು ವಾರ ಬೇಕು, ಅಲ್ಲಿಯ ತನಕ ವಾರ್ಡಿನಲ್ಲಿ ಮಾಸ್ಕ್ ತೆಗೆಯುವಂತಿಲ್ಲ ಎಂದೆ. "ಗೊತ್ತದ, ನನಗs ಕಲಸಬ್ಯಾಡ" ಎಂದು ಗದರಿದಳು.

ಅದೇ ಕುರ್ಚಿ. ಅದೇ ಎಳೆ ನರ್ಸು, ಅವಳ ಕೈಯಲ್ಲಿ ಸೂಜಿ. ಚಿಗವ್ವ ಬಲತೋಳಿನ ರವಿಕೆ ಮೇಲೆ ಸರಿಸಿ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಪಕ್ಕದಲ್ಲಿ ನಿಂತ ನಾನು ಏನೂ ಯೋಚಿಸದೆ ಅವಳ ಎಡಗೈ ಹಿಡಿದೆ. ಹಿಡಿದವಳು ಬೆಚ್ಚಿಬಿದ್ದೆ. ಮಂಜಿನಂತೆ ತಣ್ಣಗಿತ್ತು ಆ ಕೈ. ನಡುಗುತ್ತಿತ್ತು. ದಾರದಂಥ ನರಕ್ಕೆ ಸೂಜಿ ಏರಿಸುವಾಗ ಎಳ್ಳಷ್ಟೂ ಅಲುಗದ ಕೈ, ಸೆಕ್ಯುರಿಟಿಯವನ ಕೈಗಿಂತ ಹೆಚ್ಚು ನಡುಗುತ್ತಿತ್ತು!

ಶ್ರಾವಣ ಸೋಮವಾರ, ತತ್ತಿ, ತೋಳು ನೋವು, ಎಲ್ಲವೂ ಬುರುಡೆ. ಅವಳಿಗೆ ಹೆದರಿಕೆ, ಅಷ್ಟೇ. ಗೇಟಿನವನಿಗೂ ಡಾಕ್ಟರಿಗೂ ಇರುವಂಥ ಸಾದಾ ಹೆದರಿಕೆ. ಅದನ್ನು ಅವಳು ಯಾರಿಗೆ ಹೇಳಬೇಕಿತ್ತು? ಕಾಕಾ ಹೋದ ಮೇಲೆ ಅವಳ ಕೈ ಹಿಡಿದವರು ಯಾರಿದ್ದರು? ಇಡೀ ಆಸ್ಪತ್ರೆಯ ಕೈ ಹಿಡಿದು ಕೂತವಳಿಗೂ ಒಂದು ಕೈ ಬೇಕಾಗಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ನಾನು ಜಗಳವಾಡುವುದರಲ್ಲೇ ಇದ್ದೆ. ಇನ್ನೊಂದು ಕೈಯನ್ನೂ ಸೇರಿಸಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ಕೇಳಿದೆ.

"ಚಿಗವ್ವಾ, ಇವತ್ತ ಮನ್ಯಾಗ ಏನು ಅಡಿಗಿ ಮಾಡೀದಿ?"

ಕಣ್ಣು ಮುಚ್ಚಿಕೊಂಡೇ ಅವಳು ಶುರು ಮಾಡಿದಳು. "ನಿನ್ನ ಬುತ್ತಿಗಂತ ನಸಕಿನ್ಯಾಗ ಎದ್ದು ರೊಟ್ಟಿ ಬಡದೀನಿ. ಒಬ್ಬಾಕಿಗೆ ಏನ್ ಬಡಿಯೂದಂತ ಬಿಟ್ಟs ಬಿಟ್ಟಿದ್ದೆ, ಕೈ ಮರತಿಲ್ಲ ನೋಡು. ಬದನೀಕಾಯಿ ಸಣ್ಣವು ಸಿಕ್ಕಿದ್ದು, ಎಣ್ಣಿಗಾಯಿ ಮಾಡೀನಿ. ಶೇಂಗಾ ಹುರಿಯೂವಾಗ ಮನಿ ತುಂಬ ವಾಸನಿ, ಕಾಕಾ ಇದ್ದಾಗಿನಂಗ..."

ಎಳೆ ನರ್ಸು ಸೂಜಿ ತೆಗೆದು ಹತ್ತಿ ಒತ್ತಿದಳು. "ಅಯಿಪೋಯಿಂದಿ ಅಮ್ಮಗಾರು" ಎಂದಳು. ಮುಗಿಯಿತು ಅಂತ.

"ತಡಿಯs ಹುಡುಗಿ, ಎಲ್ಲಿ ಮುಗದದ?" ಎಂದಳು ಚಿಗವ್ವ, ಕಣ್ಣು ಬಿಡದೆ. "ಇನ್ನೂ ಚಟ್ನಿ ಸುದ್ದಿ ಹೇಳಿಲ್ಲ ನಾ."

ಹೇಳು ಎಂದೆ. ಅವಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು.